ಸಂಘ ಮುಚ್ಚುವಾಗಲೂ ಲೆಕ್ಕ ಒಪ್ಪಿಸಬೇಕು

ಗೋಕಾಕದ ಬಜಾರಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವರೊಬ್ಬರು ಕಳೆದ ವರ್ಷ ಅಸರ್ ನಮಾಝ್ ಮುಗಿಸಿ ಬರುತ್ತಿದ್ದ ನಮ್ಮನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ಹಳೆಯದೊಂದು ಬಿಲ್ ಇತ್ತು. ‘‘ಉಸ್ತಾದ್ರ, ನಿಮ್ಮ ಮಂಗಳೂರವ್ರ ಸಂಘ ಬಂದ್ ಆಗ್ತೈತಂತಲ್ರೀ? ನಮ್ಮ ರೊಕ್ಕ ಯಾರ್ನ ಕೇಳ್ಬೇಕ್ರೀ?’’ ಅಂದರು. ಬಿಲ್ 3,400 ರೂಪಾಯಿಯದ್ದು. ಯಾವುದರ ಬಿಲ್ ಎಂದು ನೋಡಿದರೆ ಸಂಘದ ರಶೀದಿ ಪುಸ್ತಕ ಮುದ್ರಿಸಿದ್ದರದ್ದು. ಜನರಿಂದ ದುಡ್ಡು ಎತ್ತಲು ಬೇಕಾದ ರಶೀದಿ ಪುಸ್ತಕವನ್ನೇ ಉದ್ರಿ ತಂದು, ಅದರಲ್ಲಿ ಎತ್ತಿದ ದುಡ್ಡಿನಿಂದ ಆ ಉದ್ರಿಯನ್ನು ತೀರಿಸಿರಲಿಲ್ಲ. ನಮಗೆ ತಲೆ ಎತ್ತಿ ಉತ್ತರ ಹೇಳಲು ಆಗಲಿಲ್ಲ.

ಆ ದಿನದಿಂದ ಎಂಟು ತಿಂಗಳು ನಾವು ಕಲಿತ ಪಾಠವನ್ನು ಈ ಪುಟದ ಓದುಗರ ಮುಂದೆ ಇಡುತ್ತಿದ್ದೇವೆ. ಊರು ಬಿಟ್ಟು ದುಡಿಯಲು ಹೋದ ನಮ್ಮ ಬ್ಯಾರಿಗಳು ಹೋದಲ್ಲೆಲ್ಲ ಒಂದು ಸಂಘ ಕಟ್ಟುತ್ತಾರೆ. ಅದು ಒಳ್ಳೆಯ ಅಭ್ಯಾಸ. ಆದರೆ ಕಟ್ಟಿದ ಸಂಘವನ್ನು ಮುಚ್ಚುವ ಕಾಲ ಬಂದಾಗ ಹೇಗೆ ಮುಚ್ಚಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಮೊದಲು ನಮ್ಮ ಸಂಗತಿ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬೇಕರಿ, ಹೋಟೆಲ್, ಫ್ಯಾನ್ಸಿ ಅಂಗಡಿ ಅಂತ ಕರಾವಳಿಯಿಂದ ಬಂದು ನೆಲೆಸಿದ ಕೆಲವು ಕುಟುಂಬಗಳು ಇವೆ. ಇಪ್ಪತ್ತು ವರ್ಷಗಳ ಹಿಂದೆ ಇವರು ಸೇರಿ ಒಂದು ಚಿಕ್ಕ ಸಂಘ ನೋಂದಣಿ ಮಾಡಿಸಿದರು. ಆಗ ಮೂಡಲಗಿ ಗೋಕಾಕ ತಾಲೂಕಿನೊಳಗೇ ಇತ್ತು, ಪ್ರತ್ಯೇಕ ತಾಲೂಕು ಆಗಿರಲಿಲ್ಲ. ಉದ್ದೇಶ ಸರಳ. ಮಕ್ಕಳಿಗೆ ನಮ್ಮ ಭಾಷೆ ತಿಳಿದ ಉಸ್ತಾದರೊಬ್ಬರು ಬೇಕು, ಬಡ ಮಕ್ಕಳ ಶಾಲೆ ಫೀಸಿಗೆ ಸಹಾಯ ಬೇಕು, ಯಾರಾದರೂ ತೀರಿಕೊಂಡರೆ ಮಯ್ಯಿತ್ ಊರಿಗೆ ಕಳಿಸಲು ಏರ್ಪಾಡು ಬೇಕು, ಕಷ್ಟದಲ್ಲಿದ್ದವರಿಗೆ ಬಡ್ಡಿ ಇಲ್ಲದ ಕೈಸಾಲ ಬೇಕು. ಹಾಗೆ ಬಂದ ಉಸ್ತಾದ್ ನಾವು. ಬರುವಾಗ ಒಂದು ಬ್ಯಾಗು, ಒಂದು ಚಾಪೆ. ನಮ್ಮ ಮಕ್ಕಳು ಇಲ್ಲೇ ಶಾಲೆಗೆ ಹೋಗಿ ಈಗ ಇಲ್ಲಿಯವರ ಹಾಗೇ ‘ಹೌದ್ರಿ, ಇಲ್ರಿ’ ಅಂತಾರೆ.

ಕಾಲ ಬದಲಾಯಿತು. ಬೇಕರಿ ನಡೆಸುತ್ತಿದ್ದವರ ಮಕ್ಕಳು ಗಲ್ಫಿಗೆ ಹೋದರು, ಓದಿದವರು ಬೆಂಗಳೂರು ಸೇರಿದರು. ಹಿರಿಯರು ಕೆಲವರು ವಯಸ್ಸಾಗಿ ಊರಿಗೆ ಮರಳಿದರು, ಕೆಲವರು ಅಲ್ಲಾಹನ ಕಡೆಗೆ ಮರಳಿದರು. ಮದ್ರಸದಲ್ಲಿ ಮಕ್ಕಳು ಕಡಿಮೆಯಾದರು. ಉಳಿದವರು ಸ್ಥಳೀಯ ಮಸೀದಿಯ ಮದ್ರಸಕ್ಕೇ ಹೋಗತೊಡಗಿದರು, ಅದರಲ್ಲಿ ತಪ್ಪೇನೂ ಇಲ್ಲ. ನಾವೂ ಈಗ ಅಲ್ಲೇ ಕಲಿಸುತ್ತೇವೆ. ಸಂಘದ ಕೆಲಸ ಮುಗಿದಿತ್ತು. ಮುಗಿದದ್ದನ್ನು ಒಪ್ಪಿಕೊಳ್ಳುವುದು ಮಾತ್ರ ಯಾರಿಂದಲೂ ಆಗಿರಲಿಲ್ಲ. ಎರಡು ವರ್ಷ ಮಹಾಸಭೆಯೇ ನಡೆಯಲಿಲ್ಲ.

ಪ್ರೆಸ್ಸಿನವರು ಕೇಳಿದ ಮಾತನ್ನು ನಾವು ಸಮಿತಿಯ ಒಬ್ಬರಿಗೆ ಫೋನ್ ಮಾಡಿ ಹೇಳಿದೆವು. ಅವರು, ‘‘ಎಂಥ ಲೆಕ್ಕ ಉಸ್ತಾದ್, ಬಿಡಿ ಮಾರಾಯ್ರೆ. ಸಂಘ ತನ್ನಿಂತಾನೇ ಸಾಯ್ತದೆ’’ ಅಂದರು. ಒಳ್ಳೆಯ ಮನುಷ್ಯ, ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ನಮ್ಮಲ್ಲಿ ಬಹಳ ಜನ ಹೀಗೇ ಯೋಚಿಸುತ್ತಾರೆ.

ಆದರೆ ನೋಂದಣಿಯಾದ ಸಂಘ ತನ್ನಿಂತಾನೇ ಸಾಯುವುದಿಲ್ಲ. ಸರಕಾರದ ಪುಸ್ತಕದಲ್ಲಿ ಅದು ಬದುಕಿಯೇ ಇರುತ್ತದೆ. ವರ್ಷವರ್ಷ ಕೊಡಬೇಕಾದ ಲೆಕ್ಕಪತ್ರ, ಸಮಿತಿಯ ಪಟ್ಟಿ ಬಾಕಿ ಬೀಳುತ್ತ ಹೋಗುತ್ತದೆ. ಬ್ಯಾಂಕಿನಲ್ಲಿರುವ ದುಡ್ಡಿನ ಗತಿ ನೋಡಿ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆಯನ್ನು ನಿಷ್ಕ್ರಿಯ ಎಂದು ಗುರುತಿಸುತ್ತಾರೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ಮೊತ್ತ ರಿಸರ್ವ್ ಬ್ಯಾಂಕ್ 2014ರಲ್ಲಿ ಆರಂಭಿಸಿದ ಠೇವಣಿದಾರರ ನಿಧಿಗೆ ಹೋಗುತ್ತದೆ. ಆಮೇಲೂ ಹಕ್ಕು ಕೇಳಬಹುದು, ನಿಜ. ಆದರೆ ಕೇಳುವವರು ಯಾರು? ಖಾತೆಗೆ ಸಹಿ ಹಾಕುವ ಮೂವರಲ್ಲಿ ಒಬ್ಬರು ಮರ್‌ಹೂಂ ಆಗಿ, ಒಬ್ಬರು ದಮ್ಮಾಮಿನಲ್ಲಿದ್ದು, ಇನ್ನೊಬ್ಬರಿಗೆ ನೆನಪಿನ ಶಕ್ತಿ ಇಲ್ಲದಿದ್ದರೆ, ಒಬ್ಬ ಅನಾಥ ಮಗುವಿನ ಫೀಸಿಗೆಂದು ಕೊಟ್ಟ ದುಡ್ಡು ಎಲ್ಲೋ ಕೂತಿರುತ್ತದೆ. ಮಗು ಶಾಲೆ ಬಿಟ್ಟಿರುತ್ತದೆ.

ದೀನಿನ ಕಡೆಯಿಂದ ನೋಡಿದರೂ ಇದು ಹಗುರ ವಿಷಯ ಅಲ್ಲ. ನಾವು ಮದ್ರಸದಲ್ಲಿ ಹಿಜ್‌ರಾದ ಪಾಠ ಮಾಡುವಾಗ ಮಕ್ಕಳಿಗೆ ಗುಹೆ, ಜೇಡರ ಬಲೆ, ಪಾರಿವಾಳ ಹೇಳುತ್ತೇವೆ. ಅದೇ ರಾತ್ರಿ ನಡೆದ ಇನ್ನೊಂದು ಸಂಗತಿಯನ್ನು ಬೇಗ ದಾಟಿಬಿಡುತ್ತೇವೆ. ಪ್ರವಾದಿ(ಸ) ಮಕ್ಕಾ ಬಿಡುವಾಗ ಹಝ್ರತ್ ಅಲಿ(ರ) ಅವರನ್ನು ಹಿಂದೆ ಉಳಿಸಿ ಹೋದರು. ಮಕ್ಕಾದ ಜನ ಅವರ ಹತ್ತಿರ ಇಟ್ಟಿದ್ದ ಅಮಾನತುಗಳನ್ನು ಒಬ್ಬೊಬ್ಬರಿಗೂ ಹಿಂದಿರುಗಿಸುವುದು ಅಲಿಯವರಿಗೆ ವಹಿಸಿದ ಕೆಲಸವಾಗಿತ್ತು. ಆ ಜನರಲ್ಲಿ ಪ್ರವಾದಿಯವರನ್ನು ವಿರೋಧಿಸಿದವರೂ ಇದ್ದರು. ಪ್ರಾಣಕ್ಕೆ ಅಪಾಯ ಇರುವ ರಾತ್ರಿ ಊರು ಬಿಡುವಾಗಲೂ ಲೆಕ್ಕ ಚುಕ್ತ ಮಾಡುವ ಏರ್ಪಾಡು ಮಾಡಿಯೇ ಹೋದರು. ನಾವು ಬಸ್ಸಿನ ಟಿಕೆಟ್ ಮಾಡಿಸಿ, ಸಾಮಾನು ಕಟ್ಟಿ, ಆರಾಮವಾಗಿ ಊರು ಬಿಡುವವರು. ಪ್ರೆಸ್ಸಿನವರ 3,400 ರೂಪಾಯಿ ಕೊಡದೆ ಹೋಗಲು ನಮಗೆ ಯಾವ ನೆಪ ಇದೆ?

ಹೀಗೆ ಹೇಳಿ ನಾಲ್ಕು ಹಿರಿಯರನ್ನು ಒಪ್ಪಿಸಿದೆವು. ಒಬ್ಬ ಆಡಿಟರ್ ಹತ್ತಿರ ಹೋದೆವು. ಅವರು ಹೇಳಿದ ಕಾನೂನಿನ ಮಾತು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ನಮ್ಮ ರಾಜ್ಯದಲ್ಲಿ ಹೆಚ್ಚಿನ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ. ಅದು ಬ್ರಿಟಿಷರ ಕಾಲದ 1860ರ ಸೊಸೈಟಿ ಕಾಯ್ದೆಯ ಜಾಡಿನಲ್ಲೇ ಬಂದದ್ದು. ಎರಡರಲ್ಲೂ ಮುಖ್ಯ ಮಾತು ಎರಡು. ಒಂದು, ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನ ಸೇರಿ ನಿರ್ಧರಿಸಿದರೆ ಮಾತ್ರ ಸಂಘವನ್ನು ವಿಸರ್ಜಿಸಬಹುದು. ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೇ ಕೂತು ಬೀಗ ಹಾಕಿದರೆ ಅದು ವಿಸರ್ಜನೆ ಅಲ್ಲ. ಎರಡು, ಸಾಲವೆಲ್ಲ ತೀರಿಸಿದ ಮೇಲೆ ಏನು ಉಳಿದರೂ ಅದು ಸದಸ್ಯರ ಕಿಸೆಗೆ ಹೋಗುವಂತಿಲ್ಲ. ಅದು ಇನ್ನೊಂದು ಸಂಘಕ್ಕೆ ಹೋಗಬೇಕು. ಯಾವುದಕ್ಕೆ ಎಂಬುದನ್ನು ಸಭೆಗೆ ಬಂದವರಲ್ಲಿ ಐದರಲ್ಲಿ ಮೂರು ಪಾಲು ಜನ ನಿರ್ಧರಿಸಬೇಕು.

ಸಂಘದ ಬದಲು ಬೇರೆ ರೂಪದಲ್ಲಿ ನೋಂದಣಿ ಮಾಡಿಸಿದವರಿಗೂ ಒಂದು ಮಾತು. ಕಂಪೆನಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಲಾಭರಹಿತ ಕಂಪೆನಿ ಮಾಡಿದ್ದರೆ, ಮುಚ್ಚುವಾಗ ಉಳಿದ ಆಸ್ತಿ ಅಂಥದೇ ಉದ್ದೇಶದ ಇನ್ನೊಂದು ಕಂಪೆನಿಗೆ ಹೋಗಬೇಕು, ಇಲ್ಲದಿದ್ದರೆ ಮಾರಿ ಸರಕಾರದ ನಿಧಿಗೆ ಕಟ್ಟಬೇಕು. ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಆಗಿದ್ದರೆ ಟ್ರಸ್ಟಿಗಳು ತಮ್ಮಷ್ಟಕ್ಕೇ ಅದನ್ನು ಮುಗಿಸುವಂತಿಲ್ಲ, ಕೋರ್ಟಿನ ದಾರಿ ಹಿಡಿಯಬೇಕಾಗಬಹುದು. ಆದಾಯ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಇನ್ನೂ ಎಚ್ಚರವಾಗಿರಬೇಕು. 2016ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ ನಿಯಮದ ಪ್ರಕಾರ, ವಿಸರ್ಜನೆಯಾದ ತಿಂಗಳು ಮುಗಿದು ಹನ್ನೆರಡು ತಿಂಗಳೊಳಗೆ ಆಸ್ತಿಯನ್ನು ಅಂಥದೇ ನೋಂದಾಯಿತ ಸಂಸ್ಥೆಗೆ ಕೊಡದಿದ್ದರೆ ಉಳಿದ ಆಸ್ತಿಯ ಬೆಲೆಯ ಮೇಲೆ ಗರಿಷ್ಠ ದರದಲ್ಲಿ ತೆರಿಗೆ ಬೀಳುತ್ತದೆ. ‘ಆಮೇಲೆ ನೋಡೋಣ’ ಎಂದರೆ ಬಡವರ ದುಡ್ಡು ಹೀಗೆ ಕರಗುತ್ತದೆ.

ನಮ್ಮ ರಿಜಿಸ್ಟರಿನಲ್ಲಿ 45 ಹೆಸರು ಇತ್ತು. ಅದರಲ್ಲಿ ಆರು ಮಂದಿ ತೀರಿಕೊಂಡಿದ್ದರು. ಒಂಬತ್ತು ಮಂದಿ ವರ್ಷಗಳಿಂದ ವಂತಿಗೆ ಕಟ್ಟದೆ ಬೈಲಾ ಪ್ರಕಾರ ಸದಸ್ಯತ್ವ ಕಳೆದುಕೊಂಡಿದ್ದರು. ಉಳಿದವರು 30. ಐದರಲ್ಲಿ ಮೂರು ಪಾಲು ಅಂದರೆ 18 ಮಂದಿ ಬೇಕು. ಸಂಘ ತೆರೆದ ದಿನ ಬಿರಿಯಾನಿಗೆ ಇನ್ನೂರು ಜನ ಬಂದಿದ್ದರಂತೆ. ಮುಚ್ಚಲು 18 ಜನರನ್ನು ಸೇರಿಸಲು ನಾವು ಎರಡು ತಿಂಗಳು ಫೋನ್ ಮಾಡಿದೆವು. ಕೊನೆಗೆ ಗಲ್ಫಿನವರು ರಜೆಗೆ ಬರುವ ಸಮಯ ನೋಡಿ, ಎಲ್ಲರಿಗೂ ನೋಟಿಸ್ ಕಳಿಸಿ, ದಿನ ಇಟ್ಟೆವು.

ಸಭೆಗೆ ಮೊದಲು ಪಟ್ಟಿ ಮಾಡುವ ಕೆಲಸ. ನಮ್ಮ ಹತ್ತಿರ ಏನಿದೆ, ನಾವು ಯಾರಿಗೆ ಕೊಡಬೇಕು, ನಮಗೆ ಯಾರಿಂದ ಬರಬೇಕು ಎಂದು ಮೂರು ಪಟ್ಟಿ. ಕೇಳಲು ಸುಲಭ. 2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದ ಊರೊಳಗೆ ನೀರು ಬಂದದ್ದು, ಲೋಳಸೂರು ಸೇತುವೆ ಮುಳುಗಿದ್ದು ಓದುಗರಿಗೆ ನೆನಪಿರಬಹುದು. ಆ ನೀರಿನಲ್ಲಿ ನಮ್ಮ ಹಳೆಯ ಖಾತೆ ಪುಸ್ತಕಗಳೂ ನೆನೆದಿದ್ದವು. ಒಣಗಿಸಿ ಇಟ್ಟಿದ್ದರೂ ಶಾಯಿ ಹರಡಿ ಅರ್ಧ ಹೆಸರು ಓದಲು ಆಗುತ್ತಿರಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ರಶೀದಿಯ ಅಡಿಗಳನ್ನು ಜೋಡಿಸಿ, ಹಿರಿಯರನ್ನು ಕೇಳಿ ಕೇಳಿ ಲೆಕ್ಕ ನಿಲ್ಲಿಸಿದೆವು. ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಯಾವುದು ಎಂದು ಮದ್ರಸದ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ, ಸೂರತುಲ್ ಬಖರದ 282ನೆಯದು. ಅದರಲ್ಲಿ ಇರುವುದು ಸಾಲವನ್ನು ಬರೆದಿಡಬೇಕು, ಸಾಕ್ಷಿ ಇರಬೇಕು, ಚಿಕ್ಕದು ಎಂದು ಉದಾಸೀನ ಮಾಡಬಾರದು ಎಂಬ ಉಪದೇಶ. ನಾವು ಅದನ್ನು ಕಂಠಪಾಠ ಮಾಡಿಸುತ್ತೇವೆ, ಆದರೆ ಸಂಘದ ಖಾತೆ ಪುಸ್ತಕದಲ್ಲಿ ಮೂರು ವರ್ಷ ಏನೂ ಬರೆದಿರಲಿಲ್ಲ.

ಬ್ಯಾಂಕಿನಲ್ಲಿ 1,72,500 ರೂಪಾಯಿ ಇತ್ತು. ಆದರೆ ಇದು ಒಂದೇ ದುಡ್ಡಲ್ಲ ಎಂಬುದು ನಮ್ಮ ಎರಡನೆಯ ಪಾಠ. ರಶೀದಿ ಪ್ರಕಾರ ಇದರಲ್ಲಿ 38,000 ಝಕಾತಿನದ್ದು. 64,000 ಮಕ್ಕಳ ಫೀಸಿಗೆಂದೇ ಕೊಟ್ಟದ್ದು. ಉಳಿದ 70,500 ಮಾತ್ರ ಸಾಮಾನ್ಯ ನಿಧಿ. ಕೆಲವರು ‘ಎಲ್ಲ ಒಟ್ಟು ಮಾಡಿ ಸಾಲ ತೀರಿಸಿ, ಉಳಿದದ್ದು ಕೊಟ್ಟುಬಿಡಿ’ ಎಂದರು. ಹಾಗೆ ಮಾಡುವಂತಿಲ್ಲ. ಝಕಾತಿಗೆ ಎಂಟು ಹಕ್ಕುದಾರರನ್ನು ಅಲ್ಲಾಹನೇ ಸೂರತುತ್ತೌಬದಲ್ಲಿ ನಿಗದಿ ಮಾಡಿದ್ದಾನೆ. ಸಂಘದ ಕೋಣೆಯ ಬಾಡಿಗೆ, ಪ್ರೆಸ್ಸಿನ ಬಿಲ್ ಆ ಎಂಟರಲ್ಲಿ ಇಲ್ಲ. ಫೀಸಿಗೆಂದು ಕೊಟ್ಟವರ ಮಾತನ್ನು ಮುರಿಯಲೂ ನಮಗೆ ಹಕ್ಕಿಲ್ಲ. ನಾವು ಅವರ ದುಡ್ಡನ್ನು ಹೊತ್ತ ಹಮಾಲರು ಅಷ್ಟೇ, ಮಾಲೀಕರಲ್ಲ.

ಸಂಘದ ಕಪಾಟಿನಲ್ಲಿ ‘ವಕ್ಫ್’ ಎಂದು ಮೊಹರು ಹಾಕಿದ ಮುಸ್‌ಹಫ್‌ಗಳು, ಕಿತಾಬುಗಳು ಇದ್ದವು. ಅವು ಸಂಘದ ಆಸ್ತಿಯೇ ಅಲ್ಲ, ಸಂಘ ಮುಚ್ಚಿದರೂ ವಕ್ಫ್ ಮುಗಿಯುವುದಿಲ್ಲ. ಓದುವವರು ಇರುವ ಇಲ್ಲಿನ ಮಸೀದಿಗೆ ಪಟ್ಟಿ ಸಮೇತ ಒಪ್ಪಿಸಿದೆವು. ನಮ್ಮದು ಪುಸ್ತಕ ಮಾತ್ರ. ಜಾಗ, ಕಟ್ಟಡ ವಕ್ಫ್ ಆಗಿರುವ ಸಂಘಗಳು ನೂರು ಪಾಲು ಎಚ್ಚರ ವಹಿಸಬೇಕು. 2013ರಲ್ಲಿ ಆದ ತಿದ್ದುಪಡಿಯ ಪ್ರಕಾರ ವಕ್ಫ್ ಆಸ್ತಿಯನ್ನು ಮಾರುವುದು, ದಾನ ಕೊಡುವುದು, ಅಡವು ಇಡುವುದು ಯಾವುದೂ ನಡೆಯುವುದಿಲ್ಲ. ಸಮಿತಿಯ ಠರಾವು ಅದಕ್ಕೆ ಸಾಲದು.

ನಂತರ ಸಾಲ. ಮನುಷ್ಯ ತೀರಿಕೊಂಡರೆ ಅವನ ಸೊತ್ತಿನಿಂದ ಮೊದಲು ಕಫನ್ ದಫನ್ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯ್ಯತ್, ಕೊನೆಗೆ ವಾರಸುದಾರರು. ಈ ಕ್ರಮ ನಮ್ಮ ಮನೆಯ ಹೆಂಗಸರಿಗೂ ಗೊತ್ತು. ಸಾಲ ಉಳಿಸಿಕೊಂಡವರ ಜನಾಝಕ್ಕೆ ಪ್ರವಾದಿ(ಸ) ನಿಲ್ಲಲು ಹಿಂದೇಟು ಹಾಕಿದ್ದು, ಅಬೂ ಖತಾದ(ರ) ಆ ಸಾಲ ತನ್ನ ಮೇಲೆ ಎಂದ ನಂತರವೇ ನಮಾಝ್ ನಡೆದದ್ದು ಹದೀಸಿನಲ್ಲಿದೆ. ಸಂಘಕ್ಕೂ ಇದೇ ಕ್ರಮ. ಕಾನೂನೂ ಇದನ್ನೇ ಹೇಳುತ್ತದೆ, ಮೊದಲು ಸಾಲ, ಆಮೇಲೆ ಉಳಿದದ್ದು.

ಇಲ್ಲಿ ನಮ್ಮದೇ ಒಂದು ಮುಜುಗರದ ಸಂಗತಿ ಹೇಳಬೇಕು. ಕೊಡಬೇಕಾದ ಪಟ್ಟಿಯಲ್ಲಿ ನಮ್ಮ ಎರಡು ತಿಂಗಳ ಸಂಬಳವೂ ಇತ್ತು, 24,000 ರೂಪಾಯಿ. ಲೆಕ್ಕ ಬರೆಯುವವರೂ ನಾವೇ, ಬಾಕಿ ಬರಬೇಕಾದವರೂ ನಾವೇ ಆದರೆ ಸರಿಯಾಗುವುದಿಲ್ಲ. ಆದ್ದರಿಂದ ಆ ಒಂದು ಬಾಬ್ತು ಚರ್ಚೆಗೆ ಬಂದಾಗ ನಾವು ಎದ್ದು ಹೊರಗೆ ಹೋಗಿ ಕೂತೆವು. ‘ಉಸ್ತಾದರು ಬಿಟ್ಟುಕೊಡಲಿ, ಸವಾಬ್ ಸಿಗ್ತದೆ’ ಎಂದವರೂ ಇದ್ದರಂತೆ. ಸವಾಬ್ ಬೇಕು, ಆದರೆ ಮನೆಯಲ್ಲಿ ಅಕ್ಕಿಯೂ ಬೇಕು. ಹಿರಿಯರೊಬ್ಬರು, ‘‘ಕೆಲಸದವನ ಬೆವರು ಆರುವ ಮೊದಲು ಕೂಲಿ ಕೊಡಿ ಅಂತ ನಮಗೆ ಕಲಿಸಿದ್ದೇ ಉಸ್ತಾದ್. ಅವರ ಬೆವರು ಆರಿ ಎರಡು ವರ್ಷ ಆಯ್ತು’’ ಅಂದರಂತೆ. ಆಮೇಲೆ ಯಾರೂ ಮಾತಾಡಲಿಲ್ಲ.

ಕೋಣೆಯ ಮಾಲೀಕರ ಬಳಿ ನಮ್ಮ 20,000 ಅಡ್ವಾನ್ಸ್ ಇತ್ತು. ಬಾಡಿಗೆ ಬಾಕಿ 9,000 ಕಳೆದು 11,000 ಹಿಂದೆ ಬಂತು. ಪ್ರೆಸ್ಸಿಗೆ 3,400, ಸಂಬಳ 24,000, ಆಡಿಟರಿಗೆ 4,000. ಎಲ್ಲ ಕೊಟ್ಟ ಮೇಲೆ ಸಾಮಾನ್ಯ ನಿಧಿಯಲ್ಲಿ 50,100 ಉಳಿಯಿತು. ಪ್ರೆಸ್ಸಿನವರಿಗೆ ದುಡ್ಡು ಕೊಡಲು ಹೋದಾಗ ಅವರು ಎಣಿಸಲೂ ಇಲ್ಲ. ‘‘ಕೇಳಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ ಉಸ್ತಾದ್ರ’’ ಎಂದು ಚಹಾ ತರಿಸಿದರು. ಕೇಳದೆ ಇದ್ದಿದ್ದರೆ ನಾವು ಈ ದಾರಿಗೆ ಬರುತ್ತಲೇ ಇರಲಿಲ್ಲ ಎಂದು ಅವರಿಗೆ ಹೇಳಿದೆವು.

ದೊಡ್ಡ ದೊಡ್ಡ ಬಿರಿಯಾನಿ ಡೇಕ್ಸಾಗಳು ಇದ್ದವು. ಸದಸ್ಯರೊಬ್ಬರು ‘ಹಳೆ ಪಾತ್ರೆ, ತೂಕಕ್ಕೆ ನಾನೇ ತಗೊಳ್ತೇನೆ’ ಅಂದರು. ತೂಕದ ಬೆಲೆಗೂ ಬಳಸುವ ಪಾತ್ರೆಯ ಬೆಲೆಗೂ ವ್ಯತ್ಯಾಸ ಇದೆ. ಸದಸ್ಯರಿಗೆ ಕಡಿಮೆಗೆ ಮಾರಿದರೆ ಅದೂ ಒಂದು ರೀತಿಯಲ್ಲಿ ಹಂಚಿಕೊಂಡ ಹಾಗೇ. ಹರಾಜು ಕೂಗಿದೆವು. ಹುಕ್ಕೇರಿಯ ಅಡುಗೆಯವರೊಬ್ಬರು ಹೆಚ್ಚಿನ ಬೆಲೆಗೆ ಕೊಂಡರು, ಆ ದುಡ್ಡೂ ಫೀಸಿನ ನಿಧಿಗೆ ಸೇರಿತು. ಮೂಡಲಗಿಯಲ್ಲಿ ಹೆಂಗಸರು ಉಪಯೋಗಿಸುತ್ತಿದ್ದ ನಾಲ್ಕು ಹೊಲಿಗೆ ಯಂತ್ರಗಳನ್ನು, ಸಂಘ ಇನ್ನೂ ನಡೆಯುತ್ತಿದ್ದಾಗಲೇ, ಸಹಾಯದ ಉದ್ದೇಶದ ಅಡಿಯಲ್ಲಿ ಠರಾವು ಮಾಡಿ ಅವರಿಗೇ ಕೊಟ್ಟು ಸಹಿ ತೆಗೆದುಕೊಂಡೆವು. ಮಯ್ಯಿತ್ ಇಡುವ ಫ್ರೀಝರನ್ನು ಊರಿನ ಮಸೀದಿ ಸಮಿತಿ ಪಡೆಯಿತು. ಅದು ಎಲ್ಲರಿಗೂ ಬೇಕಾಗುವ ವಸ್ತು.

ನಮಗೆ ಬರಬೇಕಾದ ಕೈಸಾಲದ ಪಟ್ಟಿಯಲ್ಲಿ ಹನ್ನೊಂದು ಹೆಸರು. ಕೊಡಲು ಶಕ್ತಿ ಇರುವವರಿಗೆ ಕಂತು ಮಾಡಿಕೊಟ್ಟು, ಆ ಹಕ್ಕನ್ನು ಉಳಿದ ಆಸ್ತಿಯ ಜೊತೆ ಬರೆದು ವರ್ಗಾಯಿಸಿದೆವು. ಹುಕ್ಕೇರಿಯ ವಿಧವೆ ತಾಯಿಯೊಬ್ಬರು ಗಂಡನ ಆಸ್ಪತ್ರೆಗೆ ಪಡೆದದ್ದು. ಗಂಡ ಉಳಿಯಲಿಲ್ಲ, ಸಾಲ ಉಳಿಯಿತು. ಸಭೆಗೆ ಮೊದಲು ಅವರೇ ಮಗನ ಕೈಯಲ್ಲಿ 500 ರೂಪಾಯಿ ಕಳಿಸಿದ್ದರು, ಸಂಘ ಮುಚ್ಚಿದರೆ ಯಾರಿಗೆ ಕೊಡುವುದು ಎಂದು ತಿಳಿಯದೆ. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬುದು ಕುರ್‌ಆನಿನ ಬೋಧನೆ. ಆದರೆ ಬಿಟ್ಟುಕೊಡುವ ಹಕ್ಕು ಲೆಕ್ಕ ಬರೆಯುವ ನಮ್ಮದಲ್ಲ. ಹೆಸರು ಹೇಳದೆ ಸಭೆಯ ಮುಂದೆ ಇಟ್ಟೆವು. ಗಲ್ಫಿನಿಂದ ಬಂದ ಹುಡುಗನೊಬ್ಬ ‘ಅದು ನನ್ನ ಲೆಕ್ಕಕ್ಕೆ’ ಎಂದು ಅಲ್ಲೇ ಕಟ್ಟಿದ.

ಸಭೆಗೆ 21 ಮಂದಿ ಬಂದರು. ವಿಸರ್ಜನೆಗೆ 20 ಮಂದಿ ಒಪ್ಪಿದರು. ಜಗಳ ಆದದ್ದು ಮುಂದಿನ ವಿಷಯದಲ್ಲಿ. ಉಳಿದ ದುಡ್ಡು ಎಲ್ಲಿಗೆ ಹೋಗಬೇಕು?

ಸ್ಥಾಪಕರಲ್ಲಿ ಒಬ್ಬರಾದ ಹಾಜಿಯವರು ಎದ್ದು ನಿಂತರು. ವಯಸ್ಸು ಎಂಬತ್ತರ ಹತ್ತಿರ. ಬೆಳಗಿನ ಜಾವ ಮೂರಕ್ಕೆ ಎದ್ದು ಬ್ರೆಡ್ ಸುಟ್ಟು ಕೈ ಸುಟ್ಟುಕೊಂಡವರು. ಅವರ ಮಾತಿನ ಸಾರ ಇದು: ‘ಇದು ನಮ್ಮ ಬೆವರಿನ ದುಡ್ಡು. ನಾವು ಊರಿಗೆ ಹೋಗುತ್ತಿದ್ದೇವೆ. ನಮ್ಮ ಮಹಲ್ಲಿನಲ್ಲೂ ಬಡವರಿದ್ದಾರೆ, ಮದ್ರಸದ ಕಟ್ಟಡ ಅರ್ಧಕ್ಕೆ ನಿಂತಿದೆ. ದುಡ್ಡು ಅಲ್ಲಿಗೇ ಹೋಗಲಿ.’ ಇದರಲ್ಲಿ ಸ್ವಾರ್ಥ ಏನೂ ಇರಲಿಲ್ಲ. ಸತ್ತ ಮೇಲೆ ಮಣ್ಣಾಗುವ ಊರಿಗೆ ಏನಾದರೂ ಮಾಡಬೇಕು ಎಂಬ ಆಸೆ. ಸಭೆಯಲ್ಲಿ ಕೆಲವರ ಕಣ್ಣು ಒದ್ದೆಯಾಯಿತು.

ಆದರೂ ನಾವು ಒಪ್ಪಲಿಲ್ಲ. ಅನ್ನ ಹಾಕಿದವರ ಎದುರು ಮಾತಾಡುವುದು ಸುಲಭ ಅಲ್ಲ. ಮೊದಲಿಗೆ ಝಕಾತಿನ ಮಾತು. ನಾವು ಶಾಫಿಈ ಮದ್‌ಹಬಿನವರು. ದುಡ್ಡಿರುವ ಊರಿನಲ್ಲಿ ಹಕ್ಕುದಾರರು ಇರುವಾಗ ಝಕಾತನ್ನು ಬೇರೆ ಊರಿಗೆ ಸಾಗಿಸಬಾರದು ಎಂಬುದೇ ನಮ್ಮ ಮದ್‌ಹಬಿನ ಪ್ರಬಲ ಅಭಿಪ್ರಾಯ. ಮುಆದ್(ರ) ಅವರನ್ನು ಯಮನಿಗೆ ಕಳಿಸುವಾಗ ಅಲ್ಲಿನ ಶ್ರೀಮಂತರಿಂದ ಪಡೆದು ಅಲ್ಲಿನ ಬಡವರಿಗೇ ಕೊಡುವಂತೆ ಪ್ರವಾದಿ(ಸ) ಹೇಳಿದ್ದು ಇದಕ್ಕೆ ಆಧಾರ.

ಉಳಿದ ದುಡ್ಡಿನ ಬಗ್ಗೆ ನಾವು ರಶೀದಿಯ ಅಡಿಗಳನ್ನೇ ಮೇಜಿನ ಮೇಲೆ ಇಟ್ಟೆವು. ನಮ್ಮ ಬೆವರಿನ ದುಡ್ಡು ಎಂದುಕೊಂಡದ್ದರಲ್ಲಿ ಯಾರ ಹೆಸರೆಲ್ಲ ಇತ್ತು? ಗೋಕಾಕದ ಬೆಲ್ಲದ ವ್ಯಾಪಾರಿ ಲಿಂಗಾಯತ ಸಾವಕಾರರೊಬ್ಬರು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಕ್ಕಳ ಫೀಸಿಗೆ ಕೊಡುತ್ತಿದ್ದರು. ಕರದಂಟಿನ ಅಂಗಡಿಯವರು ಕೊಟ್ಟಿದ್ದರು. ದಖ್ಖನಿ ಮಾತಾಡುವ ಇಲ್ಲಿನ ಮುಸ್ಲಿಮರು ಹತ್ತು, ಇಪ್ಪತ್ತು ಕೊಟ್ಟ ರಶೀದಿಗಳು ಕಟ್ಟುಗಟ್ಟಲೆ. ನೆರೆಯ ವರ್ಷ ನಮ್ಮ ಖಾತೆಗೆ ಬಂದ ದುಡ್ಡು ಗೋಕಾಕದ ಹೆಸರಿನಲ್ಲೇ ಬಂದದ್ದು. ನಮ್ಮ ಬ್ರೆಡ್ಡು ಬಿಸ್ಕೆಟ್ ಕೊಂಡು ನಮ್ಮನ್ನು ಬದುಕಿಸಿದ್ದೂ ಈ ಊರೇ. ದುಡ್ಡು ಇಲ್ಲಿ ಎತ್ತಿದ್ದೇವೆ, ಇಲ್ಲಿಯ ಮಕ್ಕಳ ಹೆಸರು ಹೇಳಿ ಎತ್ತಿದ್ದೇವೆ. ಹಾಗಿದ್ದ ಮೇಲೆ ಇಲ್ಲೇ ಬಿಟ್ಟು ಹೋಗಬೇಕು ಎಂದೆವು.

ಈ ಜಿಲ್ಲೆಯದೇ ಒಂದು ನೆನಪನ್ನೂ ಸಭೆಗೆ ಹೇಳಿದೆವು. ಬೆಳಗಾವಿ ತಾಲೂಕಿನ ಹುದಲಿಯಲ್ಲಿ 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ವಾರ್ಷಿಕ ಸಮ್ಮೇಳನ ನಡೆದಿತ್ತು. ಗಾಂಧೀಜಿ ಬಂದು ತಂಗಿದ್ದರು. ತನ್ನ ಹೆಸರಿನಲ್ಲೇ ಇದ್ದ ಆ ಸಂಘ ದಾರಿ ತಪ್ಪಬಹುದು ಎಂದು ಕಂಡಾಗ, ಮೂರು ವರ್ಷದೊಳಗೆ, 1940ರ ಫೆಬ್ರವರಿಯಲ್ಲಿ ಬಂಗಾಳದ ಮಾಲಿಕಾಂದದಲ್ಲಿ ಅದನ್ನು ವಿಸರ್ಜಿಸುವಂತೆ ಅವರೇ ಸಲಹೆ ಕೊಟ್ಟರು. ಅದು ಕೆಲವೇ ಜನರ ಅಧ್ಯಯನ ಸಮಿತಿಯಾಗಿ ಕುಗ್ಗಿತು. ಅದಕ್ಕೂ ಮೊದಲು 1933ರಲ್ಲಿ ಸಾಬರಮತಿ ಆಶ್ರಮವನ್ನು ಬಿಡುವಾಗ ಅವರು ಸೊತ್ತನ್ನು ಆಶ್ರಮವಾಸಿಗಳಿಗೆ ಹಂಚಲಿಲ್ಲ. ಪುಸ್ತಕಗಳನ್ನು ಅಹ್ಮದಾಬಾದ್ ನಗರಸಭೆಗೆ ಕೊಟ್ಟರು. ಜಾಗ, ಕಟ್ಟಡಗಳನ್ನು ಹರಿಜನ ಸೇವೆಯ ಸಂಘಕ್ಕೆ ಒಪ್ಪಿಸಿದರು. ಕಟ್ಟಿದವರ ಮಮತೆಗಿಂತ ಯಾವ ಕೆಲಸಕ್ಕೆ ಕಟ್ಟಿದರೋ ಅದನ್ನೇ ನೋಡಿದರು.

ಚರ್ಚೆ ಮಗ್ರಿಬ್‌ವರೆಗೆ ನಡೆಯಿತು. ನಮಾಝ್ ಮುಗಿಸಿ ಬಂದು ಮತ ಹಾಕಿದೆವು. ಬಂದ 21 ಜನರಲ್ಲಿ 13 ಮತ ಬೇಕಿತ್ತು. ಇಲ್ಲೇ ಉಳಿಯಲಿ ಎಂದವರು 14, ಊರಿಗೆ ಎಂದವರು 7. ಒಂದು ಮತದ ಅಂತರದಲ್ಲಿ ದಾಟಿತು. ಝಕಾತ್ ಈ ಮೂರು ತಾಲೂಕಿನ ಹಕ್ಕುದಾರರಿಗೆ ಆ ತಿಂಗಳೇ ಹೋಯಿತು. ಫೀಸಿನ ದುಡ್ಡೂ ಸಾಮಾನ್ಯ ನಿಧಿಯೂ ಇಲ್ಲಿ ಬಡ ಮಕ್ಕಳನ್ನು ಓದಿಸುವ ಒಂದು ನೋಂದಾಯಿತ ಸಂಘಕ್ಕೆ ಚೆಕ್ ಮೂಲಕ ಹೋಯಿತು. ಫೀಸಿನದ್ದು ಫೀಸಿಗೇ ಎಂದು ಬರೆಸಿಕೊಂಡೆವು. ಆಮೇಲೆ ಖಾತೆ ಮುಚ್ಚಿ, ಠರಾವಿನ ಪ್ರತಿ, ಕೊನೆಯ ಲೆಕ್ಕಪತ್ರ ಎಲ್ಲವನ್ನೂ ಬೆಳಗಾವಿಯ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಕೊಟ್ಟು ಮೊಹರಿನ ಸ್ವೀಕೃತಿ ಪಡೆದೆವು. ನೆನೆದ ಖಾತೆ ಪುಸ್ತಕಗಳನ್ನೂ ಬಿಸಾಡಲಿಲ್ಲ. ಹತ್ತು ವರ್ಷ ಯಾರ ಮನೆಯಲ್ಲಿ ಇರಬೇಕು ಎಂದೂ ಬರೆದಿಟ್ಟಿದ್ದೇವೆ.

ಹಾಜಿಯವರು ಆ ರಾತ್ರಿ ನಮ್ಮೊಡನೆ ಮಾತಾಡದೆ ಹೋದರು. ನಮಗೆ ನಿದ್ದೆ ಬರಲಿಲ್ಲ. ನಾಲ್ಕನೇ ದಿನ ಅವರ ಮೊಮ್ಮಗ ಸ್ಕೂಟರಿನಲ್ಲಿ ಬಂದು ಒಂದು ಪೊಟ್ಟಣ ಕೊಟ್ಟ. ಒಳಗೆ ಸಂಘದ ಕೋಣೆಯ ಬೀಗದ ಕೈ ಮತ್ತು ಒಂದು ಚೀಟಿ. ‘ಉಸ್ತಾದ್, ಇದು ನನ್ನ ಹತ್ತಿರ ಉಳಿದಿತ್ತು. ಮಾಲೀಕರಿಗೆ ಕೊಟ್ಟುಬಿಡಿ. ನನ್ನ ಲೆಕ್ಕ ಏನಾದರೂ ಬಾಕಿ ಇದ್ದರೆ ಹೇಳಿ.’ ನಾವು ಅವರ ಮನೆಗೆ ಹೋಗಿ, ನಿಮ್ಮ ಬಾಕಿ ಏನೂ ಇಲ್ಲ ಕಾಕ ಎಂದು ಹೇಳಿ ಬಂದೆವು.

ಮುಂಬೈ, ಪುಣೆ, ಹುಬ್ಬಳ್ಳಿ, ಗಲ್ಫ್ ಎಂದು ನಮ್ಮವರು ಎಲ್ಲೆಲ್ಲಿದ್ದಾರೋ ಅಲ್ಲೆಲ್ಲ ಇಂಥ ಚಿಕ್ಕ ಸಂಘಗಳಿವೆ. ಎಷ್ಟೋ ಸಂಘಗಳು ಬೋರ್ಡು ಮಾತ್ರ ಉಳಿಸಿಕೊಂಡು ನಿಂತಿವೆ. ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ನಡೆಯುವ ಸಂಘವಾದರೆ, ಮುಚ್ಚುವ ಕಾಲ ಬಂದರೆ ಉಳಿದದ್ದು ಯಾರಿಗೆ ಎಂದು ಬೈಲಾದಲ್ಲಿ ಈಗಲೇ ಬರೆದಿಡಿ. ಝಕಾತ್, ಸದಖ, ಫೀಸಿನ ದುಡ್ಡು ಬೇರೆ ಬೇರೆ ಪುಟದಲ್ಲಿ ಬರೆಯಿರಿ. ನಡೆಯದ ಸಂಘವಾದರೆ, ಸಹಿ ಹಾಕುವವರು ಜೀವಂತ ಇರುವಾಗಲೇ ಒಂದು ಸಭೆ ಕರೆಯಿರಿ. ನಿಮ್ಮ ಮನೆಯ ಹಿರಿಯರು ಎಂದಾದರೂ ಒಂದು ಸಂಘದ ಖಜಾಂಚಿ ಆಗಿದ್ದರೆ, ಈ ಶುಕ್ರವಾರ ಜುಮಾ ಮುಗಿಸಿ ಬಂದಾಗ ಅವರ ಹತ್ತಿರ ಕೂತು ಕೇಳಿ: ಆ ಪುಸ್ತಕ ಎಲ್ಲಿದೆ, ಅದರಲ್ಲಿ ಯಾರ ಹೆಸರು ಇನ್ನೂ ಬಾಕಿ ಇದೆ?